ಅವಸರವೂ ನಮ್ಮದು, ತಡವೂ ನಮ್ಮದು: ಸೈಬರ್ ಕಳ್ಳರು ಗೆಲ್ಲುವ ಬಗೆ

2016ರ ಫೆಬ್ರವರಿ 4, ಗುರುವಾರ ರಾತ್ರಿ. ಢಾಕಾದಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನವರು ಕೆಲಸ ಮುಗಿಸಿ ಮನೆಗೆ ಹೋಗಿದ್ದರು. ಅಲ್ಲಿ ಶುಕ್ರವಾರ, ಶನಿವಾರ ವಾರದ ರಜೆ. ಬ್ಯಾಂಕಿನ ಕಂಪ್ಯೂಟರ್‌ಗಳಲ್ಲಿ ಮೊದಲೇ ಸೇರಿಕೊಂಡಿದ್ದ ಕಳ್ಳರು ಆ ರಾತ್ರಿ ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿಗೆ ಒಂದರ ಹಿಂದೊಂದು 35 ಆದೇಶ ಕಳಿಸಿದರು. ಬಾಂಗ್ಲಾದೇಶದ ಖಾತೆಯಿಂದ ಒಟ್ಟು 95.1 ಕೋಟಿ ಡಾಲರ್ ಬೇರೆ ಬೇರೆ ಕಡೆಗೆ ವರ್ಗಾಯಿಸಿ ಅಂತ. ವರ್ಗಾವಣೆಯ ವಿವರಗಳನ್ನು ತಾನಾಗಿಯೇ ಮುದ್ರಿಸುವ ಒಂದು ಪ್ರಿಂಟರ್ ಇತ್ತು. ಅದನ್ನೂ ಕೆಡಿಸಿಟ್ಟಿದ್ದರು. ಮಾರನೇ ದಿನ ಡ್ಯೂಟಿಗೆ ಬಂದವರು ಪ್ರಿಂಟರ್ ಕೆಟ್ಟಿದ್ದು ನೋಡಿ, ಇದು ಮಾಮೂಲಿ ತೊಂದರೆ ಎಂದುಕೊಂಡರು.

ವಿಷಯ ಗೊತ್ತಾಗಿ ಢಾಕಾದವರು ನ್ಯೂಯಾರ್ಕನ್ನು ಸಂಪರ್ಕಿಸಲು ಹೊರಟಾಗ ಅಲ್ಲಿ ಶನಿವಾರ-ಭಾನುವಾರದ ರಜೆ. ಸೋಮವಾರ ಬಂದಾಗ, ಹಣ ಹೋಗಿ ಸೇರಿದ್ದ ಫಿಲಿಪೀನ್ಸ್‌ನ ಮನಿಲಾದಲ್ಲಿ ಚೀನೀ ಹೊಸ ವರ್ಷದ ರಜೆ. ಮಂಗಳವಾರದ ಹೊತ್ತಿಗೆ 8.1 ಕೋಟಿ ಡಾಲರ್ ಆ ಖಾತೆಗಳಿಂದ ಹೊರಬಿತ್ತು. ಅದರಲ್ಲಿ ಬಹುಪಾಲು ಕ್ಯಾಸಿನೊಗಳ ದಾರಿ ಹಿಡಿಯಿತು.

35 ಆದೇಶಗಳಲ್ಲಿ 5 ಮಾತ್ರ ಪಾಸಾದವು. ಅವುಗಳಲ್ಲೂ ಶ್ರೀಲಂಕಾಕ್ಕೆ ಹೋದ 2 ಕೋಟಿ ಡಾಲರ್ ಉಳಿದದ್ದು ಒಂದು ಸ್ಪೆಲ್ಲಿಂಗ್ ತಪ್ಪಿನಿಂದ. ಹಣ ಪಡೆಯುವ ಸಂಸ್ಥೆಯ ಹೆಸರಲ್ಲಿ 'ಫೌಂಡೇಶನ್' ಅಂತ ಇರಬೇಕಾದ ಕಡೆ 'ಫ್ಯಾಂಡೇಶನ್' ಎಂದಿತ್ತು. ಮಧ್ಯದ ಬ್ಯಾಂಕಿನವರು ಅದನ್ನು ಗಮನಿಸಿ, ಇದೇನಿದು ಎಂದು ತಿರುಗಿ ಕೇಳಿದರು. ಆ ಒಂದು ಪ್ರಶ್ನೆಗೆ ಹಣ ನಿಂತಿತು.

ಈ ಪ್ರಕರಣ ನೆನಪಾದಾಗಲೆಲ್ಲ ನನಗೆ ಮೊದಲು ಕಾಣುವುದು ಕಳ್ಳರು ಗೊತ್ತು ಮಾಡಿಕೊಂಡ ಆ ದಿನಗಳು. ಮೂರು ದೇಶಗಳ ರಜೆಯನ್ನು ಒಂದರ ಪಕ್ಕ ಒಂದು ಜೋಡಿಸಿ ನಾಲ್ಕು ದಿನ ಸಂಪಾದಿಸಿಕೊಂಡರು. ಸೈಬರ್ ಅಪರಾಧದ ಬಗ್ಗೆ ಮಾತಾಡುವಾಗ ನಾವು ಹ್ಯಾಕರ್‌ಗಳ ಬುದ್ಧಿಯನ್ನೇ ದೊಡ್ಡದು ಮಾಡುತ್ತೇವೆ. ಆದರೆ ಪ್ರಕರಣಗಳನ್ನು ಬಿಡಿಸಿ ನೋಡುತ್ತಾ ಹೋದರೆ, ಹೆಚ್ಚಿನವುಗಳಲ್ಲಿ ನಿರ್ಣಾಯಕವಾಗಿರುವುದು ಹೊತ್ತು. ನಿಧಾನಿಸಬೇಕಾದ ಕಡೆ ನಮ್ಮನ್ನು ಓಡಿಸುತ್ತಾರೆ. ಓಡಬೇಕಾದ ಕಡೆ ನಾವೇ ನಿಧಾನ ಮಾಡುತ್ತೇವೆ. ರಕ್ಷಣೆಯ ಕೆಲಸವನ್ನೂ ಈ ಕಣ್ಣಿನಿಂದಲೇ ನೋಡಬೇಕು ಅನ್ನುವುದು ನನ್ನ ವಾದ.

ಮೂವತ್ತು ಸೆಕೆಂಡಿನ ಕೆಲಸ

ಒಂದು ಚಿಕ್ಕ ಮೋಸವನ್ನು ಹತ್ತಿರದಿಂದ ನೋಡೋಣ. ಫೋನಿಗೆ ಹೀಗೊಂದು ಸಂದೇಶ ಬರುತ್ತದೆ: 'ನಿಮ್ಮ ಇಮೇಲ್ ಖಾತೆಗೆ ಬೇರೆ ಯಾರೋ ಪ್ರವೇಶಿಸಿದ್ದಾರೆ. 30 ನಿಮಿಷದೊಳಗೆ ಖಚಿತಪಡಿಸದಿದ್ದರೆ ಖಾತೆ ಬಂದ್ ಆಗುತ್ತದೆ.' ಕೆಳಗೊಂದು ಲಿಂಕ್. ಒತ್ತಿದರೆ ದಿನಾ ನೋಡುವ ಅದೇ ಲಾಗಿನ್ ಪುಟ. ಅದೇ ಬಣ್ಣ, ಅದೇ ಚಿಹ್ನೆ.

ಮೊದಲೆಲ್ಲ ಇಂಥ ನಕಲಿ ಪುಟಗಳು ನೀವು ಬರೆದ ಪಾಸ್‌ವರ್ಡನ್ನು ಕೂಡಿಡುತ್ತಿದ್ದವು, ಅಷ್ಟೇ. ಕಳ್ಳ ಆಮೇಲೆ ಬಿಡುವಾದಾಗ ಬಳಸುತ್ತಿದ್ದ. ಅದನ್ನು ತಡೆಯಲು ಎರಡನೇ ಬೀಗ ಬಂತು: ಒಟಿಪಿ, ಅಥವಾ ಆ್ಯಪ್‌ನಲ್ಲಿ 30 ಸೆಕೆಂಡಿಗೊಮ್ಮೆ ಬದಲಾಗುವ ಕೋಡ್. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು ಸುಮ್ಮನಿರುತ್ತಾರಾ? ಈಗಿನ ನಕಲಿ ಪುಟ ಮಧ್ಯದಲ್ಲಿ ನಿಂತ ದಲ್ಲಾಳಿಯ ಹಾಗೆ ಕೆಲಸ ಮಾಡುತ್ತದೆ. ನೀವು ಪಾಸ್‌ವರ್ಡ್ ಹಾಕಿದ ಕ್ಷಣವೇ ಅದು ಅಸಲಿ ತಾಣಕ್ಕೆ ದಾಟಿಸುತ್ತದೆ. ಅಸಲಿ ತಾಣ ನಿಮ್ಮ ಫೋನಿಗೆ ಕೋಡ್ ಕಳಿಸುತ್ತದೆ. ನೀವು ಅದನ್ನು ನಕಲಿ ಪುಟದಲ್ಲಿ ಹಾಕುತ್ತೀರಿ. ಅದೂ ದಾಟಿ ಹೋಗುತ್ತದೆ. ಬಾಗಿಲು ತೆರೆಯುತ್ತದೆ, ಒಳಗೆ ಹೋಗುವವನು ಕಳ್ಳ. ನಿಮ್ಮ ಪರದೆಯ ಮೇಲೆ 'ಧನ್ಯವಾದ, ನಿಮ್ಮ ಖಾತೆ ಈಗ ಸುರಕ್ಷಿತ' ಎಂದು ಬರುತ್ತದೆ. ನೀವು ಉಸಿರು ಬಿಟ್ಟು ಫೋನ್ ಕೆಳಗಿಡುವಷ್ಟರಲ್ಲಿ ಅವನು ಖಾತೆಯ ರಿಕವರಿ ನಂಬರ್ ಬದಲಿಸಿರುತ್ತಾನೆ. ನಿಮಗೆ ಬರುವ ಮೇಲ್‌ಗಳ ಪ್ರತಿ ತನಗೂ ಬರುವಂತೆ ಸೆಟ್ಟಿಂಗ್ ಮಾಡಿರುತ್ತಾನೆ.

ಇಮೇಲ್ ಕೈತಪ್ಪಿದರೆ ಬರೀ ಪತ್ರಗಳು ಹೋದವು ಎಂದಲ್ಲ. ಬೇರೆಲ್ಲ ಖಾತೆಗಳ 'ಪಾಸ್‌ವರ್ಡ್ ಮರೆತಿದ್ದೀರಾ' ಸಂದೇಶ ಬರುವುದು ಅಲ್ಲಿಗೇ ಅಲ್ವಾ? ಹಾಗಾಗಿ ಇಮೇಲ್ ಅಂದರೆ ಮನೆಯ ಬೀಗದ ಕೈಗಳ ಗೊಂಚಲು ಇದ್ದ ಹಾಗೆ. ಎಲ್ಲಕ್ಕಿಂತ ಮೊದಲು ಅದನ್ನೇ ಭದ್ರ ಮಾಡಬೇಕು.

ಇದಕ್ಕೆ ಉಪಾಯ ಇದೆ. ಪಾಸ್‌ಕೀ ಎಂಬ ಹೊಸ ಬಗೆಯ ಲಾಗಿನ್ ಈಗ ಹಲವು ದೊಡ್ಡ ಸೇವೆಗಳಲ್ಲಿ ಸಿಗುತ್ತದೆ. ಇದರಲ್ಲಿ ನೀವು ಲಾಗಿನ್ ಪುಟದಲ್ಲಿ ಟೈಪ್ ಮಾಡುವ ಪಾಸ್‌ವರ್ಡ್ ಇರುವುದಿಲ್ಲ. ಒಂದು ಗುಟ್ಟಿನ ಕೀಲಿ ನಿಮ್ಮ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಇರುತ್ತದೆ. ನೀವು ಬೆರಳೊತ್ತಿದರೆ, ಮುಖ ತೋರಿಸಿದರೆ ಅಥವಾ ಫೋನಿನ ಪಿನ್ ಹಾಕಿದರೆ ಮಾತ್ರ ಅದು ಕೆಲಸ ಮಾಡುತ್ತದೆ. ಮುಖ್ಯವಾದ ಮಾತೆಂದರೆ ಆ ಕೀಲಿ ತಾಣದ ವಿಳಾಸಕ್ಕೆ ಅಂಟಿಕೊಂಡಿರುತ್ತದೆ. ವಿಳಾಸದಲ್ಲಿ ಒಂದೇ ಒಂದು ಅಕ್ಷರ ಬೇರೆಯಾದರೂ ಫೋನ್ ಕೀಲಿಯನ್ನು ಹೊರಗೆ ತೆಗೆಯುವುದೇ ಇಲ್ಲ. ದಣಿದ ಕಣ್ಣು ಮೋಸ ಹೋಗಬಹುದು, ಫೋನ್ ಹೋಗುವುದಿಲ್ಲ. ಜನರಿಗೆ 'ಹುಷಾರಾಗಿರಿ' ಎಂದು ನೂರು ಸಲ ಹೇಳುವುದಕ್ಕಿಂತ ಇಂಥ ಒಂದು ವ್ಯವಸ್ಥೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ ಎಂದು ನಾನು ನಂಬುತ್ತೇನೆ. ಅವಸರದಲ್ಲಿ ಇರುವವರಿಗೆ ಹುಷಾರು ನೆನಪಿರುವುದಿಲ್ಲ.

ಫೋನಿನಲ್ಲಿ ಮಾತಾಡಿ ಮೋಸ ಮಾಡುವವರದ್ದೂ ಇದೇ ಲೆಕ್ಕ. ಅವರು ಬಿಡದೆ ಹೇಳುವ ಮಾತು ಒಂದೇ: ಫೋನ್ ಇಡಬೇಡಿ, ಯಾರಿಗೂ ಹೇಳಬೇಡಿ. ಪೊಲೀಸ್ ಎನ್ನಲಿ, ಬ್ಯಾಂಕ್ ಎನ್ನಲಿ, ಆಪತ್ತಿನಲ್ಲಿರುವ ಮಗ ಎನ್ನಲಿ, ಈ ಎರಡು ಮಾತು ತಪ್ಪುವುದಿಲ್ಲ. ಫೋನ್ ಇಟ್ಟು ಪಕ್ಕದವರ ಹತ್ತಿರ ಎರಡು ನಿಮಿಷ ಮಾತಾಡಿದರೆ ಇಡೀ ಕಥೆ ಕುಸಿದು ಬೀಳುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತು.

ಧ್ವನಿ, ಮುಖ ಎರಡನ್ನೂ ಈಗ ನಕಲು ಮಾಡಬಹುದು. 2024ರ ಶುರುವಿನಲ್ಲಿ ಆರಪ್ ಎಂಬ ಎಂಜಿನಿಯರಿಂಗ್ ಕಂಪನಿಯ ಹಾಂಗ್‌ಕಾಂಗ್ ಕಚೇರಿಯಲ್ಲಿ ನಡೆದದ್ದು ಎಲ್ಲರೂ ತಿಳಿದಿರಬೇಕಾದ ಘಟನೆ. ಗುಟ್ಟಾಗಿ ಒಂದು ಹಣ ವರ್ಗಾವಣೆ ಆಗಬೇಕು ಎಂದು ಬಂದ ಮೇಲ್ ನೋಡಿ ಅಲ್ಲಿನ ಉದ್ಯೋಗಿಗೆ ಮೊದಲು ಅನುಮಾನವೇ ಬಂದಿತ್ತು. ಆಮೇಲೆ ವಿಡಿಯೊ ಕಾಲ್. ಕಂಪನಿಯ ಹಣಕಾಸು ಮುಖ್ಯಸ್ಥರು, ಪರಿಚಯದ ಬೇರೆ ಸಹೋದ್ಯೋಗಿಗಳು ಎಲ್ಲರೂ ಪರದೆಯ ಮೇಲೆ ಕಂಡರು. ಅನುಮಾನ ಹೋಯಿತು. 15 ಸಲ ಹಣ ಕಳಿಸಲಾಯಿತು, ಒಟ್ಟು 20 ಕೋಟಿ ಹಾಂಗ್‌ಕಾಂಗ್ ಡಾಲರ್. ಕಾಲ್‌ನಲ್ಲಿ ಕಂಡ ಆ ಮುಖಗಳೆಲ್ಲ ನಕಲಿ. ಮೋಸ ಬಯಲಾದದ್ದು ಕೊನೆಗೆ ಮುಖ್ಯ ಕಚೇರಿಯನ್ನು ವಿಚಾರಿಸಿದಾಗ. ಅದನ್ನೇ ಮೊದಲು ವಿಚಾರಿಸಿದ್ದರೆ? ನಕಲಿಯನ್ನು ಕಣ್ಣಲ್ಲೇ ಗುರುತಿಸುವುದು ಹೇಗೆ ಎಂದು ಪಾಠ ಹೇಳುವ ಕಾಲ ಮುಗಿಯಿತು. ಕರೆ ಕಟ್ ಮಾಡಿ, ನಮ್ಮ ಹತ್ತಿರ ಮೊದಲಿಂದ ಇರುವ ನಂಬರಿಗೆ ನಾವೇ ಫೋನ್ ಮಾಡಿ ಕೇಳುವುದು ಇವತ್ತಿಗೂ ಕೆಲಸ ಮಾಡುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಕಡೆಯಿಂದ ಸಂದೇಶ ಕಳಿಸುತ್ತಿರುವವರು ತಾವೇ ಸೆರೆಯಾಳಾಗಿರಬಹುದು. ಮ್ಯಾನ್ಮಾರ್, ಕಾಂಬೋಡಿಯಾಗಳಲ್ಲಿ ಬೇಲಿ ಹಾಕಿದ ದೊಡ್ಡ ಕಟ್ಟಡಗಳಲ್ಲಿ ಇಂಥ ಮೋಸದ ಕೇಂದ್ರಗಳು ನಡೆಯುತ್ತವೆ. ಒಳ್ಳೆಯ ಕೆಲಸ ಕೊಡಿಸುತ್ತೇವೆ ಎಂದು ಕರೆದೊಯ್ದು, ಪಾಸ್‌ಪೋರ್ಟ್ ಕಸಿದು, ಹೊಡೆದು ಬಡಿದು ಕೆಲಸ ಮಾಡಿಸುತ್ತಾರೆ. ಮ್ಯಾನ್ಮಾರಿನಲ್ಲಿ ಕಡಿಮೆ ಎಂದರೂ 1,20,000 ಜನ, ಕಾಂಬೋಡಿಯಾದಲ್ಲಿ ಸುಮಾರು 1,00,000 ಜನ ಹೀಗೆ ಸಿಕ್ಕಿಬಿದ್ದಿರಬಹುದು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ 2023ರಲ್ಲಿ ಹೇಳಿತು. ಸೈಬರ್ ಅಪರಾಧ ತಡೆಯುವುದು ಎಂದರೆ ಆ ಗೋಡೆಗಳ ಒಳಗಿನವರನ್ನು ಬಿಡಿಸುವುದೂ ಹೌದು.

ಐವತ್ತೊಂಬತ್ತು ದಿನ

ಈಗ ಇನ್ನೊಂದು ಬಗೆಯ ಹೊತ್ತು. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್‌ನ ಒಂದು ಗಂಭೀರ ದೋಷಕ್ಕೆ ಪ್ಯಾಚ್, ಅಂದರೆ ಅದನ್ನು ಸರಿಪಡಿಸುವ ಅಪ್‌ಡೇಟ್, ಬಿಡುಗಡೆ ಮಾಡಿತು. ಏಪ್ರಿಲ್ ಮಧ್ಯದಲ್ಲಿ ಆ ದೋಷವನ್ನು ಬಳಸಿ ಒಳನುಗ್ಗುವ ಸಾಧನ ಇಂಟರ್ನೆಟ್ಟಿನಲ್ಲಿ ಬಹಿರಂಗವಾಯಿತು. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯಿಂದ ಕದ್ದದ್ದು ಎನ್ನಲಾದ ಸಾಧನ ಅದು. ಮೇ 12ರಂದು ವನ್ನಾಕ್ರೈ ಬಂತು. ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾನಾಗಿ ಹಬ್ಬಿ, ಫೈಲುಗಳಿಗೆಲ್ಲ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್. ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳು ಬಲಿಯಾದವು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ 19,000ಕ್ಕೂ ಹೆಚ್ಚು ಅಪಾಯಿಂಟ್‌ಮೆಂಟ್‌ಗಳು ರದ್ದಾದವು ಎಂಬ ಅಂದಾಜಿದೆ.

ಪ್ಯಾಚ್ ಬಂದ ದಿನದಿಂದ ದಾಳಿಯ ದಿನಕ್ಕೆ 59 ದಿನ. ಔಷಧಿ ಬಂದು ಎರಡು ತಿಂಗಳಾಗಿತ್ತು, ಕುಡಿದಿರಲಿಲ್ಲ. ಇನ್ನೂ ಬೇಸರದ ಸಂಗತಿ ಏನೆಂದರೆ, ಜೂನ್ 27ರಂದು ನಾಟ್‌ಪೆಟ್ಯಾ ಎಂಬ ಇನ್ನೊಂದು ದಾಳಿ ಅದೇ ದೋಷವನ್ನೂ ಬಳಸಿಕೊಂಡು ಹಬ್ಬಿತು. ವನ್ನಾಕ್ರೈ ಜಗತ್ತಿನಾದ್ಯಂತ ಸುದ್ದಿಯಾಗಿ ಒಂದೂವರೆ ತಿಂಗಳಾಗಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತೇವಲ್ಲ, ಇಲ್ಲಿ ಕೊಳ್ಳೆ ಹೋದ ಮೇಲೂ ಎಷ್ಟೋ ಕಡೆ ಬಾಗಿಲು ಹಾಗೇ ಇತ್ತು. ಹಡಗು ಸಾಗಣೆಯ ದೈತ್ಯ ಕಂಪನಿ ಮಾರ್ಸ್ಕ್ 4,000 ಸರ್ವರ್, 45,000 ಕಂಪ್ಯೂಟರ್‌ಗಳನ್ನು ಮೊದಲಿಂದ ಕಟ್ಟಬೇಕಾಯಿತು. ಅದರ ಇಡೀ ಜಾಲದ ಬಳಕೆದಾರರ ಪಟ್ಟಿ ಇಟ್ಟಿದ್ದ ಸರ್ವರ್‌ಗಳಲ್ಲಿ ಒಂದೇ ಒಂದು ಉಳಿದಿತ್ತು, ಘಾನಾದಲ್ಲಿ. ಅಲ್ಲಿ ಆ ಹೊತ್ತಿಗೆ ಕರೆಂಟ್ ಹೋಗಿದ್ದರಿಂದ ಅದು ಜಾಲದಿಂದ ಹೊರಗಿತ್ತು.

ಪ್ಯಾಚ್ ಹಾಕದವರನ್ನು ಸೋಮಾರಿಗಳು ಎಂದು ಬಯ್ಯುವುದು ಸುಲಭ. ಆದರೆ ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರ ಹಳೇ ವಿಂಡೋಸ್‌ನಲ್ಲೇ ಓಡುತ್ತಿರುತ್ತದೆ, ಅಪ್‌ಡೇಟ್ ಮಾಡಿದರೆ ಯಂತ್ರವೇ ನಿಂತೀತು ಎಂಬ ಭಯ ಇರುತ್ತದೆ. ಐಟಿ ವಿಭಾಗದಲ್ಲಿ ಇಬ್ಬರೇ ಇರುತ್ತಾರೆ. ತಮ್ಮ ಜಾಲದಲ್ಲಿ ಯಾವ ಯಂತ್ರ ಎಲ್ಲಿದೆ ಎಂಬ ಪಟ್ಟಿಯೇ ಇರುವುದಿಲ್ಲ. ಅಮೆರಿಕದ ಈಕ್ವಿಫ್ಯಾಕ್ಸ್ ಪ್ರಕರಣ ಇದಕ್ಕೆ ಸಾಕ್ಷಿ. ಸಾಲಗಾರರ ಮಾಹಿತಿ ಇಡುವ ಕಂಪನಿ ಅದು. 2017ರ ಮಾರ್ಚ್‌ನಲ್ಲಿ ಒಂದು ತಂತ್ರಾಂಶದ ದೋಷದ ಬಗ್ಗೆ ಎಚ್ಚರಿಕೆ ಬಂತು, ಪ್ಯಾಚ್ ಹಾಕಿ ಎಂದು ಕಂಪನಿಯ ಒಳಗೆ ಮೇಲ್ ಕೂಡ ಹೋಯಿತು. ಆದರೆ ಆ ತಂತ್ರಾಂಶ ಓಡುತ್ತಿದ್ದ ಒಂದು ಸರ್ವರ್ ಕಣ್ಣು ತಪ್ಪಿತು. ಮೇ ತಿಂಗಳಿಂದ ಜುಲೈ ಕೊನೆಯವರೆಗೆ ಕಳ್ಳರು ಒಳಗಿದ್ದರು. ಜಾಲದ ಮೇಲೆ ಕಣ್ಣಿಡಬೇಕಾದ ಉಪಕರಣದ ಡಿಜಿಟಲ್ ಸರ್ಟಿಫಿಕೇಟ್ ಅವಧಿ ಮುಗಿದು ಎಷ್ಟೋ ತಿಂಗಳಾಗಿದ್ದರಿಂದ ಅದು ಕುರುಡಾಗಿತ್ತು. ಸರ್ಟಿಫಿಕೇಟ್ ಬದಲಿಸಿದ ದಿನವೇ ಕಳ್ಳತನ ಕಂಡಿತು. ಅಷ್ಟರಲ್ಲಿ ಸುಮಾರು 14.7 ಕೋಟಿ ಜನರ ವಿವರ ಹೋಗಿತ್ತು.

ಹಾಗಾಗಿ ದುಬಾರಿ ಭದ್ರತಾ ಸಾಧನ ಕೊಳ್ಳುವ ಮೊದಲು ಸಂಸ್ಥೆಗಳು ಕೇಳಿಕೊಳ್ಳಬೇಕಾದ ಪ್ರಶ್ನೆ ಬಹಳ ಸಾದಾ: ನಮ್ಮಲ್ಲಿ ಏನೇನಿದೆ, ಪ್ಯಾಚ್ ಬಂದ ಮೇಲೆ ಎಷ್ಟು ದಿನಕ್ಕೆ ಹಾಕುತ್ತೇವೆ? ಯಾರೂ ಬಳಸದ ಖಾತೆಗಳು ಎಷ್ಟಿವೆ ಎಂದೂ ಕೇಳಬೇಕು. 2021ರ ಮೇ ತಿಂಗಳಲ್ಲಿ ಅಮೆರಿಕದ ಪೂರ್ವ ಕರಾವಳಿಗೆ ಹತ್ತಿರಹತ್ತಿರ ಅರ್ಧದಷ್ಟು ಇಂಧನ ಸಾಗಿಸುವ ಕಲೋನಿಯಲ್ ಪೈಪ್‌ಲೈನ್ ಐದಾರು ದಿನ ನಿಂತುಹೋಯಿತು. ದಾಳಿಕೋರರು ಒಳಬಂದದ್ದು ಯಾರೂ ಬಳಸದೆ ಬಿಟ್ಟಿದ್ದ ಒಂದು ಹಳೇ ವಿಪಿಎನ್ (ಹೊರಗಿನಿಂದ ಕಂಪನಿಯ ಜಾಲಕ್ಕೆ ಸೇರುವ ದಾರಿ) ಖಾತೆಯಿಂದ. ಅದಕ್ಕೆ ಎರಡನೇ ಬೀಗ ಇರಲಿಲ್ಲ.

ಒತ್ತೆ ಮತ್ತು ಗಡುವು

ರ‍್ಯಾನ್ಸಮ್‌ವೇರ್ ಈಗ ಪೂರಾ ವ್ಯಾಪಾರ. ಒಬ್ಬ ಒಳಹೋಗುವ ದಾರಿ ಕಂಡುಹಿಡಿದು ಮಾರುತ್ತಾನೆ. ಇನ್ನೊಬ್ಬ ತಂತ್ರಾಂಶ ಬರೆದು ಬಾಡಿಗೆಗೆ ಕೊಡುತ್ತಾನೆ. ಮೂರನೆಯವನು ದಾಳಿ ಮಾಡುತ್ತಾನೆ. ಬಂದ ಹಣದಲ್ಲಿ ಪಾಲು. ಪರದೆಯ ಮೇಲೆ ಗಡುವಿನ ಗಡಿಯಾರ ಓಡುತ್ತಿರುತ್ತದೆ. ಫೈಲುಗಳಿಗೆ ಬೀಗ ಹಾಕುವ ಮೊದಲೇ ಅವನ್ನು ನಕಲು ಮಾಡಿಕೊಂಡಿರುತ್ತಾರೆ, ಹಣ ಕೊಡದಿದ್ದರೆ ಎಲ್ಲ ಬಹಿರಂಗ ಮಾಡುತ್ತೇವೆ ಎನ್ನುತ್ತಾರೆ.

ಹಣ ಕೊಟ್ಟರೆ ಬೇಗ ಮುಗಿಯುತ್ತದೆ ಎಂದು ಅನಿಸುವುದು ಸಹಜ. ಕಲೋನಿಯಲ್ 75 ಬಿಟ್‌ಕಾಯಿನ್ ಕೊಟ್ಟಿತು, ಆಗಿನ ಲೆಕ್ಕದಲ್ಲಿ ಸುಮಾರು 44 ಲಕ್ಷ ಡಾಲರ್. ಬದಲಿಗೆ ಸಿಕ್ಕ ಬೀಗ ತೆಗೆಯುವ ತಂತ್ರಾಂಶ ಎಷ್ಟು ನಿಧಾನ ಇತ್ತೆಂದರೆ, ಕಂಪನಿ ತನ್ನದೇ ಬ್ಯಾಕಪ್‌ಗಳಿಂದ ಕೆಲಸ ಮುಂದುವರಿಸಬೇಕಾಯಿತು. ಇನ್ನು ಕದ್ದ ಮಾಹಿತಿ ಅಳಿಸುತ್ತೇವೆ ಎಂಬ ಮಾತು? 2024ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಅಪರಾಧ ತನಿಖಾ ಸಂಸ್ಥೆ ಬೇರೆ ದೇಶಗಳ ಪೊಲೀಸರ ಜೊತೆ ಸೇರಿ ಲಾಕ್‌ಬಿಟ್ ಎಂಬ ರ‍್ಯಾನ್ಸಮ್‌ವೇರ್ ಗುಂಪಿನ ಸರ್ವರ್‌ಗಳನ್ನು ವಶಪಡಿಸಿಕೊಂಡಿತು. ಹಣ ಕೊಟ್ಟವರ ಮಾಹಿತಿಯೂ ಅಲ್ಲಿ ಹಾಗೇ ಇತ್ತು.

ಬ್ಯಾಕಪ್ ಇದ್ದರೆ ಗಡುವಿನ ಬಿಸಿ ಅರ್ಧ ಇಳಿಯುತ್ತದೆ. ಆದರೆ ಬ್ಯಾಕಪ್ ಜಾಲಕ್ಕೆ ಅಂಟಿಕೊಂಡಿರಬಾರದು. ಅಂಟಿಕೊಂಡಿದ್ದರೆ ಅದಕ್ಕೂ ಬೀಗ ಬೀಳುತ್ತದೆ. ವರ್ಷಕ್ಕೊಮ್ಮೆಯಾದರೂ ಅದರಿಂದ ಎಲ್ಲವನ್ನೂ ಮರಳಿ ಕಟ್ಟಿ ನೋಡಬೇಕು. ಮನೆಯ ಫೋಟೊಗಳಿಗೂ ಇದೇ ಮಾತು: ಒಂದು ಪ್ರತಿ ಎಲ್ಲಿಗೂ ಸಿಕ್ಕಿಸದೆ ಬೀರುವಿನಲ್ಲಿರಲಿ.

ಹೇಳಿದವರಿಗೆ ಸಿಕ್ಕಿದ್ದು

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುವ ಭಾಗಕ್ಕೆ ಬರುತ್ತೇನೆ: ಮೋಸ ಆದ ಮೇಲಿನ ಹೊತ್ತು.

2024ರ ಜುಲೈ 15ರಂದು ಸಿಂಗಾಪುರದ ಒಂದು ಕಂಪನಿಗೆ ಪೂರೈಕೆದಾರರಿಂದ ಬಂದಂತೆ ಕಾಣುವ ಮೇಲ್ ಬಂತು. ಬಾಕಿ ಹಣವನ್ನು ಪೂರ್ವ ಟಿಮೋರ್‌ನ ಹೊಸ ಖಾತೆಗೆ ಹಾಕಿ ಎಂದಿತ್ತು. ಮೇಲ್ ವಿಳಾಸದಲ್ಲಿ ಸಣ್ಣ ವ್ಯತ್ಯಾಸವಿತ್ತು, ಯಾರೂ ನೋಡಲಿಲ್ಲ. 19ರಂದು 4.23 ಕೋಟಿ ಡಾಲರ್ ಹೋಯಿತು. 23ರಂದು ಅಸಲಿ ಪೂರೈಕೆದಾರರು 'ಹಣ ಬಂದಿಲ್ಲ' ಎಂದಾಗ ಗೊತ್ತಾಯಿತು. ಕಂಪನಿ ಕೂಡಲೇ ಪೊಲೀಸರಿಗೆ ಹೇಳಿತು. ಸಿಂಗಾಪುರದ ಪೊಲೀಸರು ಇಂಟರ್‌ಪೋಲ್‌ನ ತುರ್ತು ಹಣ ತಡೆ ವ್ಯವಸ್ಥೆಯ ಮೂಲಕ ಟಿಮೋರ್ ಪೊಲೀಸರನ್ನು ಸಂಪರ್ಕಿಸಿದರು. 25ರಂದು ಆ ಖಾತೆಯಲ್ಲಿದ್ದ 3.9 ಕೋಟಿ ಡಾಲರ್ ತಡೆಹಿಡಿಯಲಾಯಿತು. ಢಾಕಾದ ಕಥೆಯಲ್ಲಿ ನಾಲ್ಕು ದಿನದಲ್ಲಿ ಹಣ ಮಾಯವಾಗಿತ್ತು. ಇಲ್ಲಿ ದೂರು ಕೊಟ್ಟ ಎರಡೇ ದಿನದಲ್ಲಿ ಬಹುಪಾಲು ಹಣ ಸಿಕ್ಕಿತು. ದೇಶ ದೇಶಗಳ ಮಧ್ಯೆ ಫೋನ್ ಎತ್ತುವವರು ಇದ್ದರು ಎಂಬುದೇ ವ್ಯತ್ಯಾಸ.

ಅಮೆರಿಕದ ಎಫ್‌ಬಿಐಗೆ 2024ರಲ್ಲಿ ಬಂದ ದೂರುಗಳಲ್ಲಿ ಜನ ಕಳೆದುಕೊಂಡೆವು ಎಂದದ್ದು 1,660 ಕೋಟಿ ಡಾಲರ್. ಆದರೆ ಬೇಗ ದೂರು ಬಂದು, ಅದರ ಹಣ ತಡೆಯುವ ತಂಡ ಕೈಹಾಕಿದ ಪ್ರಕರಣಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹಣವನ್ನು ನಿಲ್ಲಿಸಲು ಆಯಿತು.

ಹೈವ್ ಎಂಬ ರ‍್ಯಾನ್ಸಮ್‌ವೇರ್ ಗುಂಪಿನ ಕಥೆ ಇನ್ನೂ ಕಣ್ಣು ತೆರೆಸುವಂಥದ್ದು. 2022ರ ಜುಲೈನಲ್ಲಿ ಎಫ್‌ಬಿಐ ಗುಟ್ಟಾಗಿ ಆ ಗುಂಪಿನ ವ್ಯವಸ್ಥೆಯ ಒಳಗೆ ಹೊಕ್ಕಿತು. ಏಳು ತಿಂಗಳು ಒಳಗೇ ಕೂತು, ದಾಳಿಗೆ ಸಿಕ್ಕ 300ಕ್ಕೂ ಹೆಚ್ಚು ಜನರಿಗೆ ಬೀಗದ ಕೀಲಿಗಳನ್ನು ಪುಕ್ಕಟೆ ದಾಟಿಸಿತು. 13 ಕೋಟಿ ಡಾಲರ್ ಕಳ್ಳರ ಕೈ ಸೇರುವುದು ತಪ್ಪಿತು. ಒಳಗಿನ ದಾಖಲೆ ನೋಡಿದಾಗ ಗೊತ್ತಾದದ್ದು, ಹೈವ್‌ನಿಂದ ಪೆಟ್ಟು ತಿಂದವರಲ್ಲಿ ಪೊಲೀಸರಿಗೆ ಹೇಳಿದವರು ಸುಮಾರು ನೂರಕ್ಕೆ 20 ಮಾತ್ರ. ಉಳಿದವರು ಬಾಯಿ ಬಿಟ್ಟಿರಲಿಲ್ಲ. ಎಫ್‌ಬಿಐ ಒಳಗೆ ಹೊಕ್ಕಿರದಿದ್ದರೆ ಅವರ ವಿಷಯ ಪೊಲೀಸರಿಗೆ ಗೊತ್ತೇ ಆಗುತ್ತಿರಲಿಲ್ಲ. ನೆನೆದರೆ ಹೊಟ್ಟೆ ಉರಿಯುತ್ತದೆ.

ಕಾನೂನೂ ಹೊತ್ತಿನ ಹಿಂದೆ ಓಡುತ್ತಲೇ ಬಂದಿದೆ. 2000ದ ಮೇ ತಿಂಗಳಲ್ಲಿ 'ಐ ಲವ್ ಯು' ವೈರಸ್ ಜಗತ್ತಿನ ಲಕ್ಷಾಂತರ ಕಂಪ್ಯೂಟರ್‌ಗಳನ್ನು ಕಾಡಿದಾಗ, ಅದು ಹುಟ್ಟಿದ ಫಿಲಿಪೀನ್ಸ್‌ನಲ್ಲಿ ಅದಕ್ಕೆ ಶಿಕ್ಷೆ ಕೊಡುವ ಕಾನೂನೇ ಇರಲಿಲ್ಲ. ಕೇಸು ಕೈಬಿಡಬೇಕಾಯಿತು. ಮರುವರ್ಷ ಬುಡಾಪೆಸ್ಟ್‌ನಲ್ಲಿ ಸೈಬರ್ ಅಪರಾಧದ ಮೊದಲ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಬಿತ್ತು. ಅದರಲ್ಲಿ ನನಗೆ ತುಂಬಾ ಹಿಡಿಸಿದ ಅಂಶ, ಪ್ರತಿ ದೇಶವೂ ದಿನದ 24 ಗಂಟೆ, ವಾರದ 7 ದಿನ ಸಿಗುವ ಒಂದು ಸಂಪರ್ಕ ಕೇಂದ್ರ ಇಡಬೇಕು ಎಂಬುದು. 2024ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯೂ ಒಂದು ಒಪ್ಪಂದ ಅಂಗೀಕರಿಸಿತು. ಸರ್ಕಾರಗಳು ಇದನ್ನೇ ನೆಪ ಮಾಡಿಕೊಂಡು ಪತ್ರಕರ್ತರ ಮೇಲೆ, ಭದ್ರತಾ ಸಂಶೋಧಕರ ಮೇಲೆ ಕಣ್ಣಿಡಬಹುದು ಎಂದು ಮಾನವ ಹಕ್ಕು ಸಂಘಟನೆಗಳು ಆಕ್ಷೇಪ ಎತ್ತಿವೆ. ಆ ಭಯ ಸುಮ್ನೆ ಹುಟ್ಟಿದ್ದಲ್ಲ. ದೋಷ ಕಂಡುಹಿಡಿದು ಹೇಳಿದವರನ್ನೇ ಅಪರಾಧಿ ಮಾಡಿದರೆ ಮುಂದಿನ ದೋಷವನ್ನು ಯಾರೂ ಹೇಳುವುದಿಲ್ಲ.

ಆದರೆ ಬಾಯಿ ಕಟ್ಟಿಹಾಕುವ ದೊಡ್ಡ ಶಕ್ತಿ ಕಾನೂನಿಗಿಂತ ಹೆಚ್ಚಾಗಿ ನಾಚಿಕೆ. ಕಂಪನಿಗಳಿಗೆ ಹೆಸರು ಕೆಡುತ್ತದೆ ಎಂಬ ಚಿಂತೆ. ಉದ್ಯೋಗಿಗೆ ಕೆಲಸ ಹೋಗುತ್ತದೆ ಎಂಬ ಭಯ. ಮನೆಯಲ್ಲಿ, ವಯಸ್ಸಾದವರಿಗೆ ಮಕ್ಕಳು ಏನೆಂದುಕೊಂಡಾರು ಎಂಬ ಅಳುಕು. ಅವರು ಎರಡು ದಿನ ಊಟ ಸೇರದೆ ಕೂತು, ಮೂರನೇ ದಿನ ಮೆಲ್ಲಗೆ ಹೇಳುತ್ತಾರೆ. ನಮ್ಮ ಬಾಯಿಂದ ಮೊದಲು ಬರುವ ಮಾತು, 'ಅಷ್ಟೂ ಗೊತ್ತಾಗಲಿಲ್ವಾ?' ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿರುವ ಮಕ್ಕಳೂ, ತಮಗೆ ಹೀಗಾದರೆ ಹೇಳಬಾರದು ಎಂದು ಆ ಕ್ಷಣವೇ ಕಲಿಯುತ್ತಾರೆ.

ಆ ಹೊತ್ತಿನಲ್ಲಿ ಕೇಳಬೇಕಾದದ್ದು ಬೇರೆ. ಎಷ್ಟು ಹೊತ್ತಾಯಿತು? ಯಾವ ಖಾತೆಯಿಂದ ಯಾವ ಖಾತೆಗೆ ಹೋಯಿತು? ಆ ಸಂದೇಶ ಇನ್ನೂ ಫೋನಿನಲ್ಲಿ ಇದೆಯಾ? ಇದ್ದರೆ ಅಳಿಸಬೇಡಿ. ಅಷ್ಟು ಕೇಳುತ್ತಲೇ ಇನ್ನೊಂದು ಫೋನಿನಿಂದ ಬ್ಯಾಂಕಿಗೆ ಕರೆ ಹೋಗಬೇಕು, ಅದಾದ ಕೂಡಲೇ ಪೊಲೀಸರಿಗೆ. ಯಾರ ತಪ್ಪು ಎಂಬ ಮಾತನ್ನು ನಾಳೆ ಆಡಬಹುದು.